ಒಂದೇ ಸೀಟಿನ ಸಂಸಾರ

1939ರ ಜೂನ್ 29. ಅಮೆರಿಕದ ಮಿಷಿಗನ್ ರಾಜ್ಯದ ಡಿಯರ್‌ಬಾರ್ನ್‌ನಲ್ಲಿ ಹೆನ್ರಿ ಫೋರ್ಡ್ ಮತ್ತು ಐರ್ಲೆಂಡ್ ಮೂಲದ ಹ್ಯಾರಿ ಫರ್ಗ್ಯುಸನ್ ತಮ್ಮ ಹೊಸ ಸಣ್ಣ ಟ್ರ್ಯಾಕ್ಟರನ್ನು ನೆರೆದವರ ಎದುರು ಹೊಲಕ್ಕಿಳಿಸಿದರು. ಹೆಸರು 9ಎನ್, ಬೆಲೆ 585 ಡಾಲರ್, ತೂಕ ಒಂದು ಟನ್ನಿನ ಆಸುಪಾಸು. ಅವತ್ತು ಅದರ ಮೇಲೆ ಕೂತು ಉತ್ತು ತೋರಿಸಿದವನು ಎಂಟು ವರ್ಷದ ಒಬ್ಬ ಹುಡುಗ. ರಟ್ಟೆಬಲ ಬೇಡ, ಮೆಕ್ಯಾನಿಕ್ ವಿದ್ಯೆ ಬೇಡ, ಕೂತು ತಿರುಗಿಸಿದರೆ ಸಾಕು ಎಂದು ಸಾರುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿರಲಿಲ್ಲ.

ಹುಡುಗ ಓಡಿಸಬಹುದಾದ ಗಾಡಿಯನ್ನು ಅವನ ತಾಯಿಯೂ ಓಡಿಸಬಹುದು. ಆದರೆ ಇಷ್ಟು ಸರಳವಾದ ಸಂಗತಿ ಅಮೆರಿಕ, ಕೆನಡಾಗಳ ರೈತ ಮನೆಗಳಲ್ಲಿ ಜೀರ್ಣವಾಗಲು ದಶಕಗಳೇ ಹಿಡಿದವು. ನಡುವೆ ಒಂದು ಮಹಾಯುದ್ಧ ಬಂತು, ಸುಪ್ರೀಂ ಕೋರ್ಟಿನ ತೀರ್ಪು ಬಂತು, ತೆರಿಗೆ ಕಾಯ್ದೆಗೆ ತಿದ್ದುಪಡಿ ಬಂತು.

ಹೊಸ ಕಾಂಪ್ಯಾಕ್ಟ್ ಟ್ರ್ಯಾಕ್ಟರ್ ಕೊಂಡ ಗಂಡ ಹೆಂಡತಿಯ ಕೈಗೆ ಕೀ ಕೊಡಲು ಮೀನಮೇಷ ಎಣಿಸುವುದು ಅಲ್ಲಿನ ಸಣ್ಣ ಜಮೀನುದಾರರ ನಡುವೆ ಇವತ್ತಿಗೂ ನಡೆಯುವ ತಮಾಷೆ. ಹತ್ತು ಎಕರೆ ಹುಲ್ಲುಗಾವಲು, ಎರಡು ಕುದುರೆ, ಚಳಿಗಾಲದಲ್ಲಿ ಬಳಿಯಬೇಕಾದ ಹಿಮ. ಇಷ್ಟಕ್ಕೊಂದು ಇಪ್ಪತ್ತೈದು ಅಶ್ವಶಕ್ತಿಯ ಗಾಡಿ. ಕೊಳ್ಳುವಾಗ 'ಇಬ್ಬರಿಗೂ ಅನುಕೂಲ' ಎಂದ ಗಂಡ, ಗಾಡಿ ಮನೆಗೆ ಬಂದ ಮೇಲೆ ಕಾರಣಗಳ ಮೂಟೆ ಬಿಚ್ಚುತ್ತಾನೆ. ಕ್ಲಚ್ ಸುಡುತ್ತೆ, ಬಕೆಟ್ ಶೆಡ್ಡಿನ ಬಾಗಿಲಿಗೆ ತಾಗುತ್ತೆ, ಇಳಿಜಾರಿನಲ್ಲಿ ಮಗುಚುತ್ತೆ, ಮೊದಲ 50 ಗಂಟೆ ಓಡಿ ಎಂಜಿನ್ ಹದಕ್ಕೆ ಬರಲಿ. ನಮ್ಮಲ್ಲಿ 'ಸಿಂಗಲ್ ಹ್ಯಾಂಡ್ ಗಾಡಿ' ಎಂದು ಹೆಮ್ಮೆಯಿಂದ ಹೇಳುವವರಿಗೆ ಈ ಮನಸ್ಸು ಹೊಸದೇನಲ್ಲ. ಕುತೂಹಲದ ಸಂಗತಿಯೆಂದರೆ, ಈ ಕಾರಣಗಳಲ್ಲಿ ಕೆಲವು ಒಂದು ಕಾಲದಲ್ಲಿ ನಿಜವೇ ಆಗಿದ್ದವು. ಯಂತ್ರ ಬದಲಾಯಿತು, ಕಾರಣಗಳು ಉಳಿದುಕೊಂಡವು.

ಫೋರ್ಡ್ 1917ರಲ್ಲಿ ತಯಾರಿಸಲು ಶುರುಮಾಡಿದ ಫೋರ್ಡ್‌ಸನ್ ಟ್ರ್ಯಾಕ್ಟರ್ 1922ರ ಹೊತ್ತಿಗೆ 395 ಡಾಲರಿಗೆ ಇಳಿದು ಮನೆಮನೆ ಸೇರಿತು. ಅದರ ಸ್ವಭಾವ ಮಾತ್ರ ಒರಟು. ಮುಂದೆ ನಿಂತು ಹ್ಯಾಂಡಲ್ ತಿರುಗಿಸಬೇಕು. ಎಂಜಿನ್ ಒದ್ದರೆ ಮುಂಗೈ ಮುರಿಯುತ್ತಿತ್ತು. ಹಿಂದೆ ಎಳೆಯುತ್ತಿದ್ದ ನೇಗಿಲು ನೆಲದೊಳಗಿನ ಬಂಡೆಗೋ ಬೇರಿಗೋ ಸಿಕ್ಕಿಕೊಂಡರೆ ಚಕ್ರ ನಿಲ್ಲುತ್ತಿರಲಿಲ್ಲ. ಟ್ರ್ಯಾಕ್ಟರಿನ ಮೂತಿಯೇ ಮೇಲೆದ್ದು ಗಾಡಿ ಚಾಲಕನ ಮೇಲೆ ಹಿಮ್ಮುಖ ಬೀಳುತ್ತಿತ್ತು. ಹಾಗೆ ಸತ್ತವರ ಸುದ್ದಿ ಆ ಕಾಲದ ರೈತರಿಗೆ ಚೆನ್ನಾಗಿ ಗೊತ್ತಿತ್ತು. ಹೆಂಡತಿ ಮಕ್ಕಳನ್ನು ಅದರಿಂದ ದೂರವಿಟ್ಟವನನ್ನು ಜಿಪುಣ ಎನ್ನುವಂತಿರಲಿಲ್ಲ.

ಫರ್ಗ್ಯುಸನ್ ತಲೆಕೆಡಿಸಿಕೊಂಡಿದ್ದು ಗಾಡಿ ಹಿಂದಕ್ಕೆ ಮಗುಚುವ ಈ ರೋಗಕ್ಕೇ. 1917ರಲ್ಲಿ ಐರ್ಲೆಂಡಿನ ಕೃಷಿ ಮಂಡಳಿ ಅಲ್ಲಿನ ಟ್ರ್ಯಾಕ್ಟರುಗಳ ಉಸ್ತುವಾರಿಯನ್ನು ಅವನಿಗೆ ವಹಿಸಿದಾಗ, ನೇಗಿಲು ಮತ್ತು ಟ್ರ್ಯಾಕ್ಟರ್ ಬೇರೆ ಬೇರೆ ವಸ್ತುಗಳಾಗಿರುವುದೇ ತಪ್ಪು ಎಂಬ ತೀರ್ಮಾನಕ್ಕೆ ಅವನು ಬಂದ. ಮೂರು ಬಿಂದುಗಳಲ್ಲಿ ನೇಗಿಲನ್ನು ಗಾಡಿಯ ಬೆನ್ನಿಗೆ ಬಿಗಿದು, ಹೈಡ್ರಾಲಿಕ್ ಒತ್ತಡದಿಂದ ಎತ್ತುವ ಇಳಿಸುವ ವ್ಯವಸ್ಥೆ ಅವನದು. ನೇಗಿಲು ಬಂಡೆಗೆ ತಾಗಿದರೆ ಗಾಡಿಯ ಮುಂಭಾಗ ಏಳುವ ಬದಲು ನೆಲಕ್ಕೆ ಒತ್ತಿಕೊಳ್ಳುತ್ತಿತ್ತು. ಎತ್ತಲು ಒಂದು ಸಣ್ಣ ಹಿಡಿಕೆ, ಚಾಲೂ ಮಾಡಲು ಬ್ಯಾಟರಿ ಸ್ಟಾರ್ಟರ್. ಇವತ್ತು ಕರ್ನಾಟಕದ ಹೊಲಗಳಲ್ಲಿ ಓಡುವ ಟ್ರ್ಯಾಕ್ಟರುಗಳೂ ರಂಟೆ, ರೋಟವೇಟರುಗಳನ್ನು ಕಟ್ಟಿಕೊಳ್ಳುವುದು ಇದೇ ಮೂರು ಕೊಂಡಿಗಳಿಂದ. 1939ಕ್ಕೆ, ದೇಹಬಲ ಮತ್ತು ಅಪಾಯ ಎಂಬ ಎರಡು ದೊಡ್ಡ ಕಾರಣಗಳ ಬಲ ಅರ್ಧಕ್ಕರ್ಧ ಇಳಿದಿತ್ತು.

ಹಾಗಿದ್ದರೂ ಯಂತ್ರದ ಪಾಠ ಹೆಂಗಸರನ್ನು ತಲುಪದಂತೆ ಸರ್ಕಾರವೇ ಬೇಲಿ ಹಾಕಿತ್ತು. 1914ರ ಸ್ಮಿತ್-ಲೀವರ್ ಕಾಯ್ದೆಯಿಂದ ಹುಟ್ಟಿದ ಅಮೆರಿಕದ ಕೃಷಿ ವಿಸ್ತರಣಾ ಸೇವೆಯಲ್ಲಿ ಗಂಡಸರಿಗೆ ಒಬ್ಬ ಏಜೆಂಟ್, ಹೆಂಗಸರಿಗೆ ಇನ್ನೊಬ್ಬಳು. ಅವನು ಬೀಜ, ಗೊಬ್ಬರ, ಎಂಜಿನ್ ಬಗ್ಗೆ ಹೇಳುತ್ತಿದ್ದ. ಅವಳು ಹಣ್ಣು ಡಬ್ಬಿಗೆ ತುಂಬುವುದು, ಅಡುಗೆಮನೆ ಒಪ್ಪ ಮಾಡುವುದನ್ನು ಕಲಿಸುತ್ತಿದ್ದಳು. ಇತಿಹಾಸಕಾರ್ತಿ ಕ್ಯಾಥರೀನ್ ಜೆಲಿಸನ್ ಅಮೆರಿಕದ ಮಧ್ಯಪಶ್ಚಿಮ ರಾಜ್ಯಗಳ ರೈತ ಮಹಿಳೆಯರ ಬಗ್ಗೆ 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ವಿಂಗಡಣೆಯನ್ನು ಬಿಡಿಸಿ ನೋಡಿದ್ದಾರೆ. ಒಗೆಯುವ ಯಂತ್ರವೇ ನಿಮ್ಮ ಪಾಲಿನ ಪ್ರಗತಿ ಎಂದು ತಜ್ಞರು ಹೇಳುತ್ತಿದ್ದರೆ, ಹಲವು ರೈತ ಮಹಿಳೆಯರ ಕಣ್ಣು ಕಾರು ಮತ್ತು ಟ್ರ್ಯಾಕ್ಟರಿನ ಮೇಲಿತ್ತು. ಹೊಲದ ಆದಾಯಕ್ಕೆ ಕೈ ಹಾಕಿದವಳಿಗೆ ಮನೆಯೊಳಗೂ ಮಾತಿನ ತೂಕ ಹೆಚ್ಚುತ್ತದೆ ಎಂಬುದು ಅವರಿಗೆ ಯಾರೂ ಹೇಳಿಕೊಡದೆ ತಿಳಿದಿತ್ತು.

ಬೇಲಿ ಮುರಿದದ್ದು ಯುದ್ಧ. ಗಂಡಸರು ಸೈನ್ಯಕ್ಕೆ ಹೋದಾಗ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿ 1942ರಲ್ಲಿ ತನ್ನ ಡೀಲರುಗಳ ಮೂಲಕ ರೈತರ ಹೆಂಡತಿಯರಿಗೆ, ಹೆಣ್ಣುಮಕ್ಕಳಿಗೆ ತರಗತಿ ತೆರೆಯಿತು. ಕಲಿತವರಿಗೆ 'ಟ್ರ್ಯಾಕ್ಟರೆಟ್' ಎಂಬ ಬಿರುದು. ಎಣ್ಣೆ ಬದಲಿಸುವುದು, ರೇಡಿಯೇಟರ್ ನೋಡುವುದು, ನೇಗಿಲು ಕಟ್ಟುವುದು, ಹಿಮ್ಮುಖ ಓಡಿಸುವುದು, ಎಲ್ಲವೂ ಪಾಠದಲ್ಲಿತ್ತು. ಬ್ರಿಟನ್ನಿನಲ್ಲಿ 1939ರಲ್ಲಿ ಲೇಡಿ ಡೆನ್ಮನ್ ನೇತೃತ್ವದಲ್ಲಿ ಮರುಹುಟ್ಟು ಪಡೆದ ಮಹಿಳಾ ಭೂಸೇನೆಯ ಬಲ ಯುದ್ಧದ ನಡುವೆ 80,000 ದಾಟಿತು. ಪಟ್ಟಣದ ಅಂಗಡಿ, ಕಚೇರಿಗಳಿಂದ ಬಂದ ಹುಡುಗಿಯರು ಫೋರ್ಡ್‌ಸನ್ ಮೇಲೆ ಕೂತು ಹುಲ್ಲುಗಾವಲುಗಳನ್ನು ಉತ್ತು ಗೋಧಿಗೆ ಹದ ಮಾಡಿದರು. ಯುದ್ಧೋತ್ತರ ಸವಲತ್ತುಗಳಿಂದ ಅವರನ್ನು ಹೊರಗಿಟ್ಟಾಗ ಲೇಡಿ ಡೆನ್ಮನ್ 1945ರ ಫೆಬ್ರುವರಿಯಲ್ಲಿ ರಾಜೀನಾಮೆ ಎಸೆದು ಹೊರಬಂದರು.

ಗಂಡಸರು ಮರಳಿದರು, ಸೀಟೂ ಮರಳಿತು.

1947ರಲ್ಲಿ ಅದೇ ಹಾರ್ವೆಸ್ಟರ್ ಕಂಪನಿ ಫಾರ್ಮಾಲ್ ಕಬ್ ಎಂಬ ಪುಟಾಣಿ ಟ್ರ್ಯಾಕ್ಟರನ್ನು ಮಾರುಕಟ್ಟೆಗೆ ಬಿಟ್ಟಿತು. ನಲವತ್ತು ಎಕರೆಗಿಂತ ಕಡಿಮೆ ಇರುವವರಿಗೆಂದೇ ಮಾಡಿದ್ದು. ಇಂಥ ಗಾಡಿಗಳು ಬಂದ ಮನೆಗಳಲ್ಲಿ ಒಂದು ಹೊಸ ಕೆಲಸ ಹಂಚಿಕೆ ಬೆಳೆಯಿತು. ಸುಗ್ಗಿಯ ಗಡಿಬಿಡಿಯಲ್ಲಿ ಹೆಂಡತಿ ಟ್ರ್ಯಾಕ್ಟರ್ ಓಡಿಸುತ್ತಾಳೆ, ಆದರೆ ಅದು 'ಸಹಾಯ'. ಬಿಡಿಭಾಗ ತರಲು ಪೇಟೆಗೆ ಓಡುವವಳೂ ಅವಳೇ. 1980ರಲ್ಲಿ ಅಮೆರಿಕದ ಕೃಷಿ ಇಲಾಖೆಗಾಗಿ ಸುಮಾರು 2,500 ರೈತ ಮಹಿಳೆಯರ ಸಮೀಕ್ಷೆ ನಡೆಯಿತು. ಅವರ ಹೊರಗೆಲಸಗಳ ಪಟ್ಟಿಯಲ್ಲಿ ಲೆಕ್ಕಪತ್ರ ಮತ್ತು ಪೇಟೆಯ ಓಡಾಟ ಎಷ್ಟೋ ಮೇಲಿದ್ದವು, ಉಳುಮೆ ಎಷ್ಟೋ ಕೆಳಗೆ.

ಸಹಾಯ ಎಂಬ ಆ ಹಣೆಪಟ್ಟಿಗೆ ಬೆಲೆ ಎಷ್ಟು ಎಂಬುದು ಕೆನಡಾದಲ್ಲಿ ಬಯಲಾಯಿತು. ಆಲ್ಬರ್ಟಾ ಪ್ರಾಂತ್ಯದ ಐರೀನ್ ಮರ್ಡಾಕ್ 1943ರಲ್ಲಿ ಮದುವೆಯಾದವರು. ಮೊದಲು ಗಂಡಹೆಂಡಿರಿಬ್ಬರೂ ಬೇರೆಯವರ ರ‍್ಯಾಂಚುಗಳಲ್ಲಿ ದುಡಿದರು, ಆಮೇಲೆ ತಮ್ಮದೇ ಜಮೀನು, ದನಗಳ ಹಿಂಡು ಕಟ್ಟಿದರು. ಗಂಡ ಬೇರೆ ಕೆಲಸದ ಮೇಲೆ ವರ್ಷಕ್ಕೆ ಸುಮಾರು ಐದು ತಿಂಗಳು ಮನೆಯಿಂದ ದೂರ. ಆಗೆಲ್ಲ ಹುಲ್ಲು ಕೊಯ್ಯುವುದು, ಟ್ರ್ಯಾಕ್ಟರ್ ಮತ್ತು ಟ್ರಕ್ ಓಡಿಸುವುದು, ದನಗಳಿಗೆ ಲಸಿಕೆ, ಮುದ್ರೆ ಹಾಕುವುದು ಎಲ್ಲ ಐರೀನ್ ಹೆಗಲಿಗೆ. 1968ರಲ್ಲಿ ದಾಂಪತ್ಯ ಮುರಿದಾಗ ಅವರು ಆಸ್ತಿಯಲ್ಲಿ ಪಾಲು ಕೇಳಿದರು. ದಾಖಲೆಗಳೆಲ್ಲ ಗಂಡನ ಹೆಸರಿನಲ್ಲಿದ್ದವು. 1973ರಲ್ಲಿ ಕೆನಡಾದ ಸುಪ್ರೀಂ ಕೋರ್ಟು ನಾಲ್ಕಕ್ಕೆ ಒಂದರ ಬಹುಮತದಿಂದ ಅವರ ಕೋರಿಕೆಯನ್ನು ತಳ್ಳಿಹಾಕಿತು. ಯಾವುದೇ ರ‍್ಯಾಂಚಿನ ಹೆಂಡತಿ ಮಾಡುವ ಕೆಲಸವನ್ನೇ ಆಕೆಯೂ ಮಾಡಿದ್ದಾರೆ, ಅದರಿಂದ ಒಡೆತನ ಹುಟ್ಟುವುದಿಲ್ಲ ಎಂಬುದು ಒಪ್ಪಿತವಾದ ತರ್ಕ. ಭಿನ್ನಮತ ಬರೆದವರು ಬೋರಾ ಲಾಸ್ಕಿನ್ ಒಬ್ಬರೇ. ಆ ವರ್ಷದ ಕೊನೆಗೆ ಅವರೇ ಮುಖ್ಯ ನ್ಯಾಯಮೂರ್ತಿಯಾದರು.

ತೀರ್ಪು ಕೆನಡಾದ ಮಹಿಳೆಯರನ್ನು ಬೀದಿಗೆ ತಂದಿತು. ಟ್ರ್ಯಾಕ್ಟರ್ ಓಡಿಸಿದ್ದು ದುಡಿಮೆಯೋ ಸಂಸಾರವೋ ಎಂಬ ಪ್ರಶ್ನೆ ಪತ್ರಿಕೆಗಳಿಂದ ಶಾಸನಸಭೆಗಳಿಗೆ ಹೋಯಿತು. 1978ರಲ್ಲಿ ಸಸ್ಕಾಚೆವಾನ್‌ನ ರಾತ್‌ವೆಲ್ ದಂಪತಿಯ ಮೊಕದ್ದಮೆಯಲ್ಲಿ ಅದೇ ಸುಪ್ರೀಂ ಕೋರ್ಟು ಜಮೀನಿನ ಅರ್ಧ ಪಾಲನ್ನು ಹೆಂಡತಿಗೆ ಕೊಟ್ಟಿತು. ಆ ಹೊತ್ತಿಗೆ ಪ್ರಾಂತ್ಯಗಳು ಒಂದೊಂದಾಗಿ ವೈವಾಹಿಕ ಆಸ್ತಿ ಕಾಯ್ದೆಗಳನ್ನು ಬದಲಿಸುತ್ತಿದ್ದವು.

ಗಡಿಯ ಈಚೆ, ಅಮೆರಿಕದಲ್ಲಿ ಜಗಳ ತೆರಿಗೆಯದು. ಗಂಡಹೆಂಡತಿಯರ ಜಂಟಿ ಹೆಸರಿನ ಜಮೀನಿದ್ದರೂ, ಗಂಡ ತೀರಿಕೊಂಡಾಗ ಇಡೀ ಆಸ್ತಿಯೇ ಅವನದೆಂದು ಲೆಕ್ಕ ಹಿಡಿದು ತೆರಿಗೆ ಹಾಕುತ್ತಿದ್ದರು. ತನ್ನ ಸ್ವಂತ ಹಣ ಹಾಕಿದ್ದೇನೆಂದು ಹೆಂಡತಿ ರುಜುವಾತು ಮಾಡಬೇಕು; ಮೂವತ್ತು ವರ್ಷ ಟ್ರ್ಯಾಕ್ಟರ್ ಮೇಲೆ ಕೂತದ್ದು ರುಜುವಾತಲ್ಲ. ಹಳ್ಳಿಗರು ಇದಕ್ಕೆ 'ವಿಧವೆ ತೆರಿಗೆ' ಎಂದೇ ಹೆಸರಿಟ್ಟರು. ನೆಬ್ರಾಸ್ಕಾದ ರೈತ ಮಹಿಳೆ ಡೋರಿಸ್ ರಾಯಲ್ ಸಹಿ ಸಂಗ್ರಹದ ಚಳವಳಿಯನ್ನೇ ಹೂಡಿದರು. 1978ರ ತಿದ್ದುಪಡಿ ವಿಚಿತ್ರವಾದ ಒಂದು ಅಳತೆಗೋಲು ತಂದಿತು: ಹೆಂಡತಿ ಬೇಸಾಯದಲ್ಲಿ ದುಡಿದ ಪ್ರತಿ ವರ್ಷಕ್ಕೆ ಆಸ್ತಿಯ ಶೇ. 2ರಂತೆ, ಗರಿಷ್ಠ ಶೇ. 50ರವರೆಗೆ ಅವಳ ಪಾಲೆಂದು ಪರಿಗಣನೆ. ಅರ್ಧಕ್ಕೆ ಒಡತಿಯಾಗಲು ಇಪ್ಪತ್ತೈದು ವರ್ಷ ಬೇಕು! 1981ರಲ್ಲಿ ದಂಪತಿಗಳ ನಡುವಿನ ವರ್ಗಾವಣೆಗೆ ಪೂರ್ತಿ ವಿನಾಯಿತಿ ಕೊಟ್ಟ ಮೇಲೆ ಈ ಲೆಕ್ಕಾಚಾರ ಮುಗಿಯಿತು.

ಇಷ್ಟರಲ್ಲಿ ಸೀಟಿನ ಕೆಳಗಿನ ಯಂತ್ರವೇ ಬದಲಾಗಿತ್ತು. ಒಸಾಕಾದ ಕುಬೋಟಾ ಕಂಪನಿ 1969ರಲ್ಲಿ 21 ಅಶ್ವಶಕ್ತಿಯ ಎಲ್200 ಮಾದರಿಯನ್ನು ಅಮೆರಿಕಕ್ಕೆ ಕಳಿಸಿತು. ಅಲ್ಲಿನ ಕಂಪನಿಗಳೆಲ್ಲ ದೊಡ್ಡ, ಇನ್ನೂ ದೊಡ್ಡ ಟ್ರ್ಯಾಕ್ಟರುಗಳ ಹಿಂದೆ ಬಿದ್ದಿದ್ದರಿಂದ ಸಣ್ಣದರ ಅಂಗಳ ಖಾಲಿಯಿತ್ತು. ಬಿಸಿ ತಟ್ಟಿದ ಫೋರ್ಡ್ ಶಿಬೌರಾ ಕಂಪನಿಯಿಂದ, ಜಾನ್ ಡಿಯರ್ ಯಾನ್ಮಾರ್ ಕಂಪನಿಯಿಂದ ಗಾಡಿ ಮಾಡಿಸಿಕೊಂಡು ತಮ್ಮ ಬಣ್ಣ ಬಳಿದವು. ಕಾಂಪ್ಯಾಕ್ಟ್ ಟ್ರ್ಯಾಕ್ಟರ್ ಎಂಬ ವರ್ಗ ಬೇರೂರಿದ್ದು ಹೀಗೆ.

ಈ ಗಾಡಿಗಳ ತವರಿನ ಕತೆ ಅಮೆರಿಕದ ಗಂಡಂದಿರಿಗೆ ಗೊತ್ತಿದ್ದಂತಿಲ್ಲ. ಅರವತ್ತರ ದಶಕದ ಜಪಾನಿನಲ್ಲಿ ಗಂಡಸರು ಕಾರ್ಖಾನೆಗಳಿಗೆ ಹೋದರು. ಅಜ್ಜ, ಅಜ್ಜಿ, ಅಮ್ಮ ಈ ಮೂವರ ಬೇಸಾಯ ಎಂಬ ಮಾತೇ ಅಲ್ಲಿ ಚಾಲ್ತಿಗೆ ಬಂತು. ಬೇಸಾಯಗಾರರಲ್ಲಿ ಅರ್ಧಕ್ಕಿಂತ ಹೆಚ್ಚು ಹೆಂಗಸರು. ಟಿಲ್ಲರು, ಪುಟ್ಟ ಟ್ರ್ಯಾಕ್ಟರುಗಳು ಜಪಾನಿನ ಕಿರುಗದ್ದೆಗಳಲ್ಲಿ ಹರಡಿದ್ದು ಇಂಥ ಮನೆಗಳಲ್ಲಿ. ಶಾಂತಸಾಗರ ದಾಟಿದ ಮೇಲೆ ಅದೇ ಜಾತಿಯ ಗಾಡಿ ವಾರಾಂತ್ಯದ ಗಂಡಸಿನ ಮುದ್ದಿನ ಆಸ್ತಿಯಾಯಿತು. ಮುಂದೆ ಹೈಡ್ರೋಸ್ಟ್ಯಾಟಿಕ್ ವ್ಯವಸ್ಥೆ ಬಂದು ಪೆಡಲ್ ಒತ್ತಿದರೆ ಮುಂದೆ, ಇನ್ನೊಂದು ಒತ್ತಿದರೆ ಹಿಂದೆ ಎಂಬಷ್ಟು ಸಲೀಸಾದಾಗ, ಗೇರ್ ಕಿರುಗುಟ್ಟಿಸುತ್ತೀಯ ಎಂಬ ದೂರಿಗೂ ಆಧಾರ ತಪ್ಪಿತು. ಮಗುಚುವ ಭಯ ಮಾತ್ರ ಸುಳ್ಳಲ್ಲ. ಲೋಡರ್ ಎತ್ತರಕ್ಕೆ ಎತ್ತಿಕೊಂಡು ಇಳಿಜಾರಿನಲ್ಲಿ ಅಡ್ಡ ಹೋದರೆ ಸಣ್ಣ ಗಾಡಿಯೂ ಉರುಳುತ್ತದೆ. ಸೀಟಿನ ಮೇಲಿರುವವರು ಗಂಡೋ ಹೆಣ್ಣೋ ಎಂದು ಅದು ನೋಡುವುದಿಲ್ಲ. ಅಮೆರಿಕದಲ್ಲಿ ಹೆಂಗಸರಿಗೆಂದೇ ಟ್ರ್ಯಾಕ್ಟರ್ ತರಬೇತಿ ನಡೆಸುವುದುಂಟು. ಗಂಡನ ಬಳಿ ಕಲಿಯಲು ಹೋದರೆ ಅರ್ಧ ಪಾಠ, ಅರ್ಧ ಬೈಗುಳ ಎಂದು ಬಲ್ಲವರಿಗೆ ಅದರ ಅಗತ್ಯ ವಿವರಿಸಬೇಕಿಲ್ಲ.

ಕಾಗದವೂ ನಿಧಾನವಾಗಿ ದಾರಿಗೆ ಬಂತು. ಅಮೆರಿಕದ ಕೃಷಿ ಗಣತಿ ರೈತರು ಗಂಡೋ ಹೆಣ್ಣೋ ಎಂದು ಮೊದಲು ಕೇಳಿದ್ದು 1978ರಲ್ಲಿ. ಆಗ ಸಿಕ್ಕ ಮಹಿಳೆಯರು ಶೇ. 5ರಷ್ಟು. ಒಂದು ಜಮೀನಿಗೆ ಒಬ್ಬರ ವಿವರಕ್ಕಷ್ಟೇ ಜಾಗವಿತ್ತು, ಬಹುಪಾಲು ಮನೆಗಳಲ್ಲಿ ಅದು ಗಂಡನದಾಗುತ್ತಿತ್ತು. 2002ರಲ್ಲಿ ಮೂವರ, 2017ರಲ್ಲಿ ನಾಲ್ವರ ವಿವರ ತುಂಬಲು ಅವಕಾಶ ಸಿಕ್ಕಿತು. 2017ರಲ್ಲಿ ಮಹಿಳೆಯರ ಪ್ರಮಾಣ ಶೇ. 36. ಹೊಲಕ್ಕೆ ಹೊಸಬರು ಬಂದದ್ದಕ್ಕಿಂತ ಇದ್ದವರೇ ಲೆಕ್ಕಕ್ಕೆ ಬಂದದ್ದು ಈ ಏರಿಕೆಯ ಒಂದು ಮುಖ್ಯ ಕಾರಣ.

ಜಪಾನಿನ ಸಣ್ಣ ಯಂತ್ರಗಳು ಕರ್ನಾಟಕಕ್ಕೂ ಬಂದವು, ಬೇರೆ ದಾರಿಯಿಂದ. ಬೆಂಗಳೂರಿನಲ್ಲಿ ವಿಎಸ್‌ಟಿ ಸಂಸ್ಥೆ 1967ರಲ್ಲಿ ಮಿತ್ಸುಬಿಷಿ ಸಹಯೋಗದಿಂದ ಹುಟ್ಟಿತು. ಅದರ ಪವರ್ ಟಿಲ್ಲರುಗಳು ಮೊದಲು, ಮಿನಿ ಟ್ರ್ಯಾಕ್ಟರುಗಳು ಆಮೇಲೆ ಗದ್ದೆ ತೋಟಗಳಿಗಿಳಿದವು. ಇಲ್ಲಿ ಸೀಟಿನ ಪ್ರಶ್ನೆಗೆ ಇನ್ನೂ ಹಳೆಯ ಬೇರಿದೆ: ಹೆಣ್ಣು ನೇಗಿಲು ಹಿಡಿಯಬಾರದು ಎಂಬ ಕಟ್ಟುಪಾಡು. ಬಿತ್ತನೆಯಲ್ಲಿ ಮಾತ್ರ ಅವಳಿಲ್ಲದೆ ನಡೆಯುತ್ತಿರಲಿಲ್ಲ. ಉತ್ತರ ಕರ್ನಾಟಕದ ಎರೆ ಹೊಲಗಳಲ್ಲಿ ಗಂಡ ಎತ್ತು ಹೊಡೆದರೆ, ಉಡಿಯಲ್ಲಿ ಬೀಜ ಕಟ್ಟಿಕೊಂಡ ಹೆಂಡತಿ ಹಿಂದೆ ನಡೆಯುತ್ತ ಕೂರಿಗೆಯ ಬಟ್ಟಲಿಗೆ ಕಾಳು ಬಿಡುತ್ತಿದ್ದಳು. ಸಾಲಿನ ದಟ್ಟಣೆ ನಿರ್ಧಾರವಾಗುತ್ತಿದ್ದುದು ಅವಳ ಬೆರಳಿನಲ್ಲಿ. ಟ್ರ್ಯಾಕ್ಟರಿಗೆ ಕಟ್ಟುವ ಬಿತ್ತನೆ ಪೆಟ್ಟಿಗೆ ಬಂದು ಆ ಬೆರಳಿನ ಕೆಲಸವನ್ನು ಹಲ್ಲುಚಕ್ರಕ್ಕೆ ವಹಿಸಿತು. ಕಳೆ, ಕೊಯ್ಲು ಅವಳಿಗೆ ಉಳಿದವು. ಸ್ಟೀರಿಂಗು ಗಂಡನ ಪಾಲಾಯಿತು.

ಈಚೆಗೆ ಕಾಗದದ ಬದಿಯಿಂದ ಒಂದು ತಿರುವು ಬಂದಿದೆ. 2014–15ರಲ್ಲಿ ಶುರುವಾದ ಕೇಂದ್ರದ ಕೃಷಿ ಯಾಂತ್ರೀಕರಣ ಉಪ ಅಭಿಯಾನದಲ್ಲಿ ಮಹಿಳಾ ರೈತರಿಗೆ ಶೇ. 50ರವರೆಗೆ ಸಹಾಯಧನ, ಸಾಮಾನ್ಯ ವರ್ಗದ ಇತರರಿಗೆ ಶೇ. 40. ಪಹಣಿ ಹೆಂಡತಿಯ ಹೆಸರಿನಲ್ಲಿದ್ದರೆ ಅರ್ಜಿಯೂ ಅವಳ ಹೆಸರಿನಲ್ಲೇ ಹೋಗುವುದು ಲಾಭದ ಲೆಕ್ಕ. ಆದರೆ 2015–16ರ ಕೃಷಿ ಗಣತಿಯ ಪ್ರಕಾರ ದೇಶದ ಹಿಡುವಳಿಗಳಲ್ಲಿ ಮಹಿಳೆಯರ ಕೈಯಲ್ಲಿದ್ದದ್ದು ಸುಮಾರು ಶೇ. 14. ಆ ಗುಂಪಿಗೆ ಸೇರಿದ ಮನೆಯಲ್ಲಿ ಅರ್ಜಿಗೆ, ಸಾಲದ ಪತ್ರಕ್ಕೆ ಸಹಿ ಹಾಕಿದವಳು ಹೆಂಡತಿ. ಗಾಡಿ ಬಂದ ದಿನ ಕುಂಕುಮ ಹಚ್ಚಿ ಆರತಿ ಎತ್ತುವವಳೂ ಅವಳೇ. ಕೀ ತಿರುಗಿಸಿ ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸುವಾಗ ಸೀಟಿನ ಮೇಲೆ ಗಂಡನಿರುತ್ತಾನೆ, ಇಲ್ಲವೇ ಮಗ.