ಮಾಫಿಸಾಕ್ಷಿಯ ಮಾತು: ಠಕ್ಕರ ಕುರಿತ ಎರಡು ಪುಸ್ತಕಗಳ ಓದು

ಈಚೆಗೆ ಎರಡು ಪುಸ್ತಕಗಳನ್ನು ಒಂದರ ಬೆನ್ನಿಗೊಂದರಂತೆ ಓದಿದೆ. ಮೊದಲನೆಯದು ಫಿಲಿಪ್ ಮೆಡೋಸ್ ಟೇಲರ್ 1839ರಲ್ಲಿ ಪ್ರಕಟಿಸಿದ ‘ಕನ್ಫೆಷನ್ಸ್ ಆಫ್ ಎ ಥಗ್’ ಎಂಬ ಕಾದಂಬರಿ; ಎರಡನೆಯದು ಮೈಕ್ ಡ್ಯಾಶ್ ಅವರ ‘ಥಗ್’ (2005), ನಿಜ ಅಪರಾಧಗಳ ಕಥನವೆಂಬ ಪ್ರಕಾರಕ್ಕೆ ಸೇರುವ ಕೃತಿ. ಎರಡಕ್ಕೂ ವಸ್ತು ಒಂದೇ: ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ದಾರಿಹೋಕರ ಸ್ನೇಹ ಬೆಳೆಸಿ, ಜೊತೆಯಲ್ಲಿ ನಡೆದು, ಕೊರಳಿಗೆ ಬಟ್ಟೆ ಬಿಗಿದು ಕೊಂದು ದೋಚುತ್ತಿದ್ದ ಗುಂಪುಗಳು. ಎರಡಕ್ಕೂ ಮೂಲ ಆಕರವೂ ಬಹುಮಟ್ಟಿಗೆ ಒಂದೇ: ಸೆರೆಸಿಕ್ಕಿ ಮಾಫಿಸಾಕ್ಷಿಗಳಾದವರ ಹೇಳಿಕೆಗಳು. ಈ ಹೇಳಿಕೆಗಳನ್ನು ಕಾದಂಬರಿಯೂ ಚರಿತ್ರೆಯೂ ಹೇಗೆ ಬಳಸಿಕೊಂಡವು ಎಂಬುದೇ ಪ್ರಸ್ತುತ ಲೇಖನದ ವಿಷಯ.

ಟೇಲರ್ ಕನ್ನಡಿಗರಿಗೆ ಅಪರಿಚಿತನಲ್ಲ. ಬಾಲಕ ರಾಜ ವೆಂಕಟಪ್ಪ ನಾಯಕನ ಪರವಾಗಿ 1853ರವರೆಗೆ ಸುರಪುರದ ಆಡಳಿತ ನೋಡಿಕೊಂಡವನು ಅವನೇ. ಅಲ್ಲಿಯ ಗುಡ್ಡದ ಮೇಲಿನ ಟೇಲರ್ ಮಂಜಿಲ್ ಇಂದಿಗೂ ಅವನ ಹೆಸರನ್ನು ಉಳಿಸಿಕೊಂಡಿದೆ. ಆದರೆ ಈ ಕಾದಂಬರಿ ಅವನ ಸುರಪುರದ ದಿನಗಳಿಗಿಂತ ಹಿಂದಿನದು. ನಿಜಾಮನ ಸೇವೆಯಲ್ಲಿದ್ದಾಗ 1832ರಲ್ಲಿ ತಾನು ಕಂಡ ಒಬ್ಬ ಮಾಫಿಸಾಕ್ಷಿಯೇ ಕಥಾನಾಯಕ ಅಮೀರ್ ಅಲಿಯೆಂದೂ, ಹೇಳಿರುವುದೆಲ್ಲ ಬಹುತೇಕ ನಿಜವೆಂದೂ ಪೀಠಿಕೆಯಲ್ಲಿ ಟೇಲರ್ ಹೇಳಿಕೊಳ್ಳುತ್ತಾನೆ.

ಕಾದಂಬರಿಯಾಗಿ ಇದರ ಬಲವಿರುವುದು ಅಮೀರ್ ಅಲಿಯ ದನಿಯಲ್ಲಿ. 719 ಕೊಲೆಗಳಲ್ಲಿ ಭಾಗಿಯಾದವನೆಂದು ಹೇಳಿಕೊಳ್ಳುವ ಈತ ಸೌಜನ್ಯಶೀಲ, ವಾಚಾಳಿ, ಪ್ರೀತಿಸಬಲ್ಲವನು, ತನ್ನ ಕಸುಬಿನ ಬಗ್ಗೆ ಹೆಮ್ಮೆಯುಳ್ಳವನು. ಅವನ ಮಾತಿಗೆ ಮರುಳಾಗಿ ಅವನೊಡನೆ ಕೆಲವು ಹರದಾರಿ ನಡೆದ ಓದುಗನಿಗೆ, ಪಯಣಿಗರು ಮೋಸಹೋದದ್ದು ಹೇಗೆಂಬುದು ಬೇರೆ ವಿವರಣೆಯಿಲ್ಲದೆ ತಿಳಿಯುತ್ತದೆ. ಇದು ಸಣ್ಣ ಸಾಧನೆಯಲ್ಲ. ಕೊರತೆಯಿರುವುದು ಎದುರಿಗೆ ಕುಳಿತು ಕೇಳುವ ‘ಸಾಹೇಬ’ನಲ್ಲಿ. ಅವನು ಆಗಾಗ ಬೆರಗುಪಡುತ್ತಾನೆ, ಅಸಹ್ಯಪಡುತ್ತಾನೆ. ಆದರೆ ಕಥೆಯ ಬಹುಪಾಲಿನಲ್ಲಿ ಮೌನಿ. ಹೀಗಾಗಿ ಅಮೀರ್ ಅಲಿ ತಾನಾಗಿಯೇ ಮನಬಿಚ್ಚಿ ಮಾತನಾಡುತ್ತಿದ್ದಾನೆ ಎಂಬ ಭಾವನೆ ನಮ್ಮಲ್ಲಿ ನೆಲೆಯೂರುತ್ತದೆ.

ವಾಸ್ತವದಲ್ಲಿ ಆ ಮಾತುಗಳು ಹುಟ್ಟಿದ ಸಂದರ್ಭವೇ ಬೇರೆ. ಅದನ್ನು ತಿಳಿಯಲು ವಿಲಿಯಂ ಹೆನ್ರಿ ಸ್ಲೀಮನ್ 1836ರಲ್ಲಿ ಕಲ್ಕತ್ತೆಯಲ್ಲಿ ಅಚ್ಚುಹಾಕಿಸಿದ ‘ರಾಮಸೀಯಾನ’ವನ್ನು ನೋಡಬೇಕು. ಠಕ್ಕರ ಗುಪ್ತಭಾಷೆಯ ಪದಕೋಶವೂ ಮಾಫಿಸಾಕ್ಷಿಗಳೊಡನೆ ಅವನು ನಡೆಸಿದ ಸಂಭಾಷಣೆಗಳೂ ಅದರಲ್ಲಿವೆ. ಭಾಷಾಭ್ಯಾಸಿಗೆ ಪದಕೋಶವೇ ಒಂದು ನಿಧಿ. ಬಲಿಯಾಗಲಿರುವ ಪಯಣಿಗನನ್ನು ಅವರು ‘ಬನಿಜ್’ ಎನ್ನುತ್ತಿದ್ದರು. ಅಕ್ಷರಾರ್ಥದಲ್ಲಿ ಸರಕು ಎಂದೇ ಅರ್ಥ. ನಮ್ಮ ‘ಬಣಜಿಗ’ದ ನಂಟಿನ ಈ ಪದ ಕೊಲೆಗಾರರ ಬಾಯಲ್ಲಿ ಮನುಷ್ಯನನ್ನು ಮಾಲಾಗಿಸಿದೆ. ‘ಥಗ್’ ಎಂಬುದು ಕೂಡ ನಮ್ಮ ‘ಠಕ್ಕ’ನ ಬಳಗದ್ದೇ. ಕನ್ನಡದ ಠಕ್ಕ ಇಂದಿಗೂ ವಂಚಕ ಮಾತ್ರ. ಕೊಲೆಗಾರನೆಂಬ ಅರ್ಥ ಅವನಿಗೆ ಅಂಟಿಕೊಂಡಿಲ್ಲ.

ಸಂಭಾಷಣೆಗಳಲ್ಲಿ, ಟೇಲರನ ಕಾದಂಬರಿಯಲ್ಲಿ ಮರೆಯಾದದ್ದು ಎದ್ದು ಕಾಣುತ್ತದೆ: ಪ್ರಶ್ನೆಗಳು. ಒಂದೆಡೆ ಸ್ಲೀಮನ್, ಭವಾನಿಯ ಹೆಸರು ಕುರಾನಿನಲ್ಲಿದೆಯೇ ಎಂದು ಮುಸ್ಲಿಂ ಬಂದಿಗಳನ್ನು ಕೇಳುತ್ತಾನೆ. ಇಲ್ಲವೆಂಬ ಉತ್ತರ ಬರುತ್ತದೆ. ನಡುವೆ ಇನ್ನೊಬ್ಬ ಬಾಯಿಹಾಕಿ, ಭವಾನಿಯೂ ಫಾತಿಮಾಳೂ ಒಬ್ಬರೇ ಎಂದು ತನಗೆ ತೋರುತ್ತದೆ ಎನ್ನುತ್ತಾನೆ. ಅದರ ಮೇಲೆ ಅವರವರಲ್ಲೇ ವಾದ ಹುಟ್ಟುತ್ತದೆ. ಸರ್ವಸಮ್ಮತವಾದ ಒಂದು ಮತಶಾಸ್ತ್ರ ಇವರಲ್ಲಿದ್ದಿದ್ದರೆ ಈ ವಾದಕ್ಕೆ ಆಸ್ಪದವೆಲ್ಲಿತ್ತು? ಕೇಳುವವನು ಧರ್ಮದ ಬಗ್ಗೆ ಕೇಳಿದನು, ಉತ್ತರಿಸುವವರು ಧರ್ಮದ ಬಗ್ಗೆ ಹೇಳಿದರು. ಆ ಪ್ರಶ್ನೆಗಳನ್ನು ಕಿತ್ತುಹಾಕಿ ಉತ್ತರಗಳನ್ನಷ್ಟೇ ಪೋಣಿಸಿದರೆ, ದೇವಿಗೆ ಬಲಿ ಕೊಡುವ ಒಂದು ರಹಸ್ಯ ಪಂಥ ತಾನೇ ತಾನಾಗಿ ಸಿದ್ಧವಾಗುತ್ತದೆ.

ಉತ್ತರಿಸುವವರ ಸ್ಥಿತಿಯನ್ನೂ ಮರೆಯುವಂತಿಲ್ಲ. ಗಲ್ಲಿನಿಂದ ಪಾರಾಗಲು ಮಾಫಿಸಾಕ್ಷಿಗೆ ಇದ್ದ ದಾರಿ ಒಂದೇ: ಇತರರನ್ನು ಹೆಸರಿಸುವುದು, ಗುರುತಿಸುವುದು, ಹೂತ ಹೆಣಗಳನ್ನು ತೋರಿಸುವುದು. ಕಾನೂನೂ ಇದಕ್ಕೆ ತಕ್ಕಂತೆ ಮಾರ್ಪಟ್ಟಿತು. 1836ರ 30ನೆಯ ಕಾಯಿದೆಯ ಪ್ರಕಾರ, ಆ ಕಾಯಿದೆ ಬರುವ ಮೊದಲಾಗಲಿ ಅನಂತರವಾಗಲಿ ಯಾವುದೇ ಠಕ್ಕರ ಗುಂಪಿಗೆ ಸೇರಿದ್ದನೆಂದು ಸಾಬೀತಾದರೆ ಸಾಕು, ಜೀವಾವಧಿ ಕಠಿಣ ಸೆರೆವಾಸ. ನಿರ್ದಿಷ್ಟ ಕೊಲೆಯೊಂದನ್ನು ರುಜುವಾತುಪಡಿಸಬೇಕಾಗಿರಲಿಲ್ಲ. ಶಿಕ್ಷೆಗೊಳಗಾದವನೆಂಬ ಕಾರಣಕ್ಕೆ ಯಾರ ಸಾಕ್ಷ್ಯವೂ ಅನರ್ಹವಾಗದೆಂದು 1837ರ 19ನೆಯ ಕಾಯಿದೆ ಸಾರಿತು. ಒಬ್ಬನ ಮಾತೇ ಇನ್ನೊಬ್ಬನ ಸೆರೆಗೆ ಕಾರಣವಾಗಬಹುದಾದ ವ್ಯವಸ್ಥೆಯಲ್ಲಿ ಮಾತು ಹೇಗೆ ಬೆಳೆಯುತ್ತದೆಂಬುದನ್ನು ಊಹಿಸಬಹುದು.

ತಪ್ಪೊಪ್ಪಿಗೆಗೂ ಅಭಯಕ್ಕೂ ಇರುವ ಈ ಸಂಬಂಧವನ್ನು ಕನ್ನಡದ ಓದುಗರು ಬಹು ಹಿಂದೆಯೇ ಕಂಡಿದ್ದಾರೆ. ‘ವಡ್ಡಾರಾಧನೆ’ಯ ವಿದ್ಯುಚ್ಚೋರನ ಕಥೆಯಲ್ಲಿ ಕಳ್ಳನು ಬಗೆಬಗೆಯ ದಂಡನೆಗಳನ್ನು ಸಹಿಸಿಯೂ ಒಪ್ಪಿಕೊಳ್ಳುವುದಿಲ್ಲ, ಅರಸನಿಂದ ಅಭಯ ದೊರೆತ ಮೇಲೆ ಸತ್ಯ ಹೇಳುತ್ತಾನೆ. ಅಲ್ಲಿ ಅವನು ಹೇಳುವುದು ತನ್ನ ಬಗ್ಗೆ ಮಾತ್ರ. ಬೇರೊಬ್ಬನನ್ನು ಸಿಲುಕಿಸಿದರೆ ಮಾತ್ರ ಅಭಯ ಎಂಬ ಷರತ್ತು ಆ ಕಥೆಯಲ್ಲಿಲ್ಲ. ಸ್ಲೀಮನ್ನನ ಅಭಯಕ್ಕೆ ಆ ಷರತ್ತೇ ಆಧಾರ.

ಹಾಗೆಂದು ಠಕ್ಕರು ಕಂಪನಿಯ ಅಧಿಕಾರಿಗಳ ಕಲ್ಪನೆಯ ಕೂಸು ಎನ್ನಬಹುದೇ? ಕೆಲವು ಕಾಲ ವಿದ್ವತ್‌ವಲಯದಲ್ಲಿ ಈ ವಾದಕ್ಕೆ ಮನ್ನಣೆಯಿತ್ತು. ಡ್ಯಾಶ್ ಅದನ್ನು ಒಪ್ಪುವುದಿಲ್ಲ. ನನಗೂ ಅದು ಒಪ್ಪಿತವಲ್ಲ. ಮಾಫಿಸಾಕ್ಷಿಗಳು ತೋರಿಸಿದ ಕಡೆ ಅಗೆದಾಗ ಅಸ್ಥಿಗಳು ಸಿಕ್ಕಿವೆ. ನರಸಿಂಗಪುರದಲ್ಲಿ ತಾನು ಅಧಿಕಾರಿಯಾಗಿದ್ದಾಗ ಕಚೇರಿಯ ಹತ್ತಿರದ ಕಂಡೇಲಿ ಗ್ರಾಮದಲ್ಲೇ ಒಂದು ಗುಂಪು ವಾಸವಾಗಿತ್ತೆಂಬುದು ಸ್ಲೀಮನ್ನನಿಗೆ ತಿಳಿದದ್ದು ವರ್ಷಗಳ ಬಳಿಕ. ಮನೆಗೆ ಮರಳದ ಸಿಪಾಯಿಗಳು, ವರ್ತಕರು, ಯಾತ್ರಿಕರು ಕಲ್ಪನೆಯವರಲ್ಲ. ಠಕ್ಕರನ್ನು ಅಲ್ಲಗಳೆಯುವ ಉತ್ಸಾಹದಲ್ಲಿ ಇವರ ಸಾವನ್ನೂ ಅಲ್ಲಗಳೆಯುವುದು ಚರಿತ್ರಕಾರನಿಗೆ ತಕ್ಕುದಲ್ಲ.

ಡ್ಯಾಶ್ ಅವರ ಕೃತಿಯ ಹೆಚ್ಚುಗಾರಿಕೆ ಇರುವುದು ಇಲ್ಲಿಯೇ. ಕೊಲೆಗಳನ್ನು ನಿಜವೆಂದು ಒಪ್ಪುತ್ತಲೇ, ಅವುಗಳ ಪ್ರೇರಣೆ ಧರ್ಮವಲ್ಲ, ಹಣ ಎಂಬ ನಿಲುವಿಗೆ ಅವರು ಬರುತ್ತಾರೆ. ಸಂಖ್ಯೆಗಳ ವಿಷಯದಲ್ಲೂ ಎಚ್ಚರ ವಹಿಸುತ್ತಾರೆ. ಸ್ಲೀಮನ್ನನ ಮೊಮ್ಮಗ ಜೇಮ್ಸ್ ಸ್ಲೀಮನ್ 1933ರ ತನ್ನ ಪುಸ್ತಕದ ಹೆಸರಿನಲ್ಲೇ ಹತ್ತು ಲಕ್ಷ ಕೊಲೆಗಳೆಂದು ಸಾರಿದ್ದನು; ಡ್ಯಾಶ್ ಅವರ ಅಂದಾಜು ಅದಕ್ಕಿಂತ ಬಹಳ ಕಡಿಮೆ. ಬೆಹ್ರಾಮನೆಂಬವನು 931 ಜನರನ್ನು ಕೊಂದನೆಂಬ ಮಾತು ಜನಪ್ರಿಯ ಬರಹಗಳಲ್ಲಿ ಹರಿದಾಡುತ್ತಿದೆ. ಕಂಪನಿಯ ಅಧಿಕಾರಿ ಜೇಮ್ಸ್ ಪೇಟನ್ ಬರೆದಿಟ್ಟ ಹಸ್ತಪ್ರತಿಯ ಪ್ರಕಾರ ಅವನು ಹೇಳಿದ್ದು ಅಷ್ಟು ಕೊಲೆಗಳ ವೇಳೆ ಸ್ಥಳದಲ್ಲಿದ್ದೆನೆಂದು. ತನ್ನ ಕೈಯಿಂದಲೇ ಕೊಂದಿರಬಹುದಾದವರು ಸುಮಾರು 125 ಮಂದಿ ಎಂದು. ಆದರೂ ಡ್ಯಾಶ್ ಅವರ ಪುಸ್ತಕದ ಉಪಶೀರ್ಷಿಕೆ ಠಕ್ಕರನ್ನು ‘ಕೊಲೆಗಡುಕ ಪಂಥ’ವೆಂದೇ ಕರೆಯುತ್ತದೆ. ಒಳಗಿನ ವಾದ ಕೆಡವಿದ್ದನ್ನು ಮುಖಪುಟ ಮತ್ತೆ ಎತ್ತಿ ನಿಲ್ಲಿಸಿದಂತಾಗಿದೆ. ಕಾನೂನಿನ ಚರಿತ್ರೆಗಾಗಿ ರಾಧಿಕಾ ಸಿಂಘಾ ಅವರ ‘ಎ ಡೆಸ್ಪಾಟಿಸಂ ಆಫ್ ಲಾ’ (1998), ಆಕರಗಳ ಪರಿಶೀಲನೆಗಾಗಿ ಕಿಮ್ ವ್ಯಾಗ್ನರ್ ಅವರ ‘ಥಗ್ಗೀ’ (2007) ಕೃತಿಗಳನ್ನು ಇದರೊಡನೆ ಓದುವುದು ಒಳ್ಳೆಯದು.

ಈ ಚರಿತ್ರೆಯ ಒಂದು ಮುಖ್ಯ ಎಳೆ ಕನ್ನಡ ನಾಡಿನಿಂದಲೇ ಹೊರಡುತ್ತದೆ ಎಂಬುದನ್ನು ನಮ್ಮ ಸಂಶೋಧಕರು ಗಮನಿಸಬೇಕು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಸ್ವಲ್ಪ ಕಾಲಕ್ಕೆ ಬೆಂಗಳೂರಿನ ಸುತ್ತಮುತ್ತ ಇಂತಹ ಸುಮಾರು ನೂರು ಜನ ಸೆರೆಸಿಕ್ಕಿದ್ದರೆಂದು ಮದರಾಸಿನ ವೈದ್ಯ ರಿಚರ್ಡ್ ಷೆರ್ವುಡ್ 1816ರ ತನ್ನ ಲೇಖನದಲ್ಲಿ ದಾಖಲಿಸಿದ್ದಾನೆ. ಅವರಿಗೆ ಕನ್ನಡದಲ್ಲಿದ್ದ ಹೆಸರನ್ನೂ ಕೊಡುತ್ತಾನೆ: ‘ತಂತಿಕಳ್ಳರು’, ತಂತಿಯ ಕುಣಿಕೆ ಬಳಸುವ ಕಳ್ಳರು. ಗಮನಿಸಿ: ಈ ಹೆಸರಿನಲ್ಲಿ ದೇವಿಯಿಲ್ಲ, ಪಂಥವಿಲ್ಲ, ಜಾತಿಯಿಲ್ಲ; ಉಪಕರಣವಿದೆ, ಕೃತ್ಯವಿದೆ. ಜನರ ಬಾಯಲ್ಲಿದ್ದ ಈ ಪದ ನಮ್ಮ ಲಾವಣಿಗಳಲ್ಲಿ, ಕಡತಗಳಲ್ಲಿ, ಕೈಫಿಯತ್ತುಗಳಲ್ಲಿ ಎಲ್ಲಾದರೂ ಉಳಿದಿದೆಯೇ ಎಂದು ಹುಡುಕುವುದು ಒಂದು ಒಳ್ಳೆಯ ಪಿಎಚ್.ಡಿ. ಕಾರ್ಯವಾದೀತು.

ಇಷ್ಟೆಲ್ಲ ಚರ್ಚೆ ಹಳೆಯ ಕಾದಂಬರಿಯೊಂದರ ನೆಪದಲ್ಲಿ ಏಕೆಂದು ವಿದ್ಯಾರ್ಥಿಗಳು ಕೇಳಬಹುದು. ಹುಟ್ಟಿನಿಂದಲೇ ಕೊಲೆಗಾರರಾದವರು ಇದ್ದಾರೆಂಬ ನಂಬಿಕೆಗೆ ಇಂತಹ ಕಥನಗಳು ನೀರೆರೆದವು. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆ ಆ ನಂಬಿಕೆಯನ್ನು ಇಡೀ ಸಮುದಾಯಗಳ ಮೇಲೆ ಹೇರಿತು: ಹೆಸರು ನೋಂದಣಿ, ಹಾಜರಿ, ಊರು ಬಿಟ್ಟು ಹೋಗಲು ಅನುಮತಿ. ಆ ಪಟ್ಟಿಯಿಂದ ಅವರಿಗೆ ಬಿಡುಗಡೆ ದೊರೆತದ್ದು 1952ರ ಆಗಸ್ಟ್ 31ರಂದು. ಅವರ ಮಕ್ಕಳು, ಮೊಮ್ಮಕ್ಕಳು ಇಂದು ನಮ್ಮ ತರಗತಿಗಳಲ್ಲಿ ಕುಳಿತಿದ್ದಾರೆ.

ಟೇಲರನ ಕಾದಂಬರಿಯನ್ನು ಖಂಡಿತ ಓದಿ. ಕಥನಕಲೆಗಾಗಿ ಅದು ಓದಬೇಕಾದ ಕೃತಿಯೇ. ಆದರೆ ಅಮೀರ್ ಅಲಿ ಮಾತಿಗಾರಂಭಿಸಿದಾಗಲೆಲ್ಲ, ಅವನಿಗೆ ಯಾವ ಪ್ರಶ್ನೆ ಹಾಕಲಾಗಿತ್ತು, ಉತ್ತರಿಸಿದ್ದಕ್ಕೆ ಅವನಿಗೆ ದೊರೆತದ್ದೇನು, ಅವನು ಹೆಸರಿಸಿದವರು ಏನಾದರು ಎಂದು ಪುಟದ ಅಂಚಿನಲ್ಲಿ ಬರೆದುಕೊಳ್ಳುತ್ತ ಹೋಗಿ. ಪಕ್ಕದಲ್ಲಿ ‘ರಾಮಸೀಯಾನ’ ತೆರೆದಿರಲಿ.