ಹಳಿ ತೆಗೆದ ದಾರಿಯಲ್ಲಿ ಬಸ್ಸು

ಬೆಂಗಳೂರಿನ ಹೊರವಲಯದ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯ ಎಂಬ ಮೂರು ಉದ್ಯಮಪ್ರದೇಶಗಳ ಭೂಪಟವನ್ನು ಎದುರಿಗೆ ಹರವಿಕೊಂಡು ನೋಡುವವನಿಗೆ ಮೊದಲು ಗೋಚರಿಸುವ ವೈಚಿತ್ರ್ಯವೇನೆಂದರೆ, ರಸ್ತೆಯ ಮೇಲೆ ಗಂಟೆಗಟ್ಟಲೆ ನಿಂತು ಬಳಲುವ ಈ ಮೂರು ಎಡೆಗಳಿಗೂ ರೈಲುಹಳಿ ಉದ್ಯಮಕ್ಕಿಂತ ಮುಂಚೆಯೇ ಬಂದಿದ್ದಿತೆಂಬುದು. ವೈಟ್‌ಫೀಲ್ಡಿನ ಮೇಲೆ ಹಾಯುವ ಜೋಲಾರಪೇಟೆ ಮಾರ್ಗ 1864ರದು. ಪೀಣ್ಯದ ಮಗ್ಗುಲಲ್ಲಿ ಯಶವಂತಪುರದಿಂದ ಚಿಕ್ಕಬಾಣಾವರದತ್ತ ಸಾಗುವ ತುಮಕೂರಿನ ಮಾರ್ಗ 1884ರದು. ಎಲೆಕ್ಟ್ರಾನಿಕ್ ಸಿಟಿಯಿಂದ ಕೆಲವೇ ಮೈಲಿ ದೂರದ ಹೀಲಲಿಗೆಯನ್ನು ಮುಟ್ಟುವ ಸೇಲಂ ಮಾರ್ಗ 1960ರ ದಶಕದಲ್ಲಿ ಸಿದ್ಧವಾದದ್ದು, ಎಂದರೆ ಆರ್. ಕೆ. ಬಾಳಿಗರ ಕನಸಿನಂತೆ ಕಿಯೋನಿಕ್ಸ್ ಸಂಸ್ಥೆ 1978ರಲ್ಲಿ ಅಲ್ಲಿ 332 ಎಕರೆಯ ವಸಾಹತನ್ನು ಸ್ಥಾಪಿಸುವುದಕ್ಕೂ ಮೊದಲಿನದು. ಇಷ್ಟಾಗಿಯೂ ಕಾರ್ಖಾನೆಗಳೂ ಕಚೇರಿಗಳೂ ಮುಖಮಾಡಿ ನಿಂತದ್ದು ಹೆದ್ದಾರಿಗಳ ಕಡೆಗೆ. ಹಳಿಗಳು ದೂರದೂರುಗಳ ಗಾಡಿಗಳಿಗೂ ಸರಕಿಗೂ ಮೀಸಲಾಗಿ, ಊರಿನ ದೈನಂದಿನ ಸಂಚಾರಕ್ಕೆ ಅಪರಿಚಿತವಾಗಿಯೇ ಉಳಿದವು. ಇಂಥ ಮಾರ್ಗಗಳನ್ನು ಜನಸಂಚಾರಕ್ಕೆ ತರುವುದು ಹೇಗೆಂಬ ಪ್ರಶ್ನೆಗೆ ಲೋಕದ ಬೇರೆ ಬೇರೆ ಕಡೆಗಳಲ್ಲಿ ದೊರೆತ ಉತ್ತರಗಳಲ್ಲೊಂದು, ಬಳಕೆ ತಪ್ಪಿದ ಹಳಿಯನ್ನು ಕಿತ್ತು ಆ ನೆಲದ ಮೇಲೆ ಬಸ್ಸಿಗೆಂದೇ ಪ್ರತ್ಯೇಕ ಪಥವನ್ನು ನಿರ್ಮಿಸುವುದು.

ಬಸ್ಸಿಗೆ ಸ್ವಂತ ಪಥ, ಹತ್ತುವ ಮುಂಚೆಯೇ ಟಿಕೆಟ್ಟು, ಬಸ್ಸಿನ ನೆಲದ ಮಟ್ಟಕ್ಕೇ ಎತ್ತರಿಸಿದ ನಿಲ್ದಾಣ ಎಂಬ ಅಂಗಗಳು ಕೂಡಿ ಬಿಆರ್‌ಟಿಎಸ್ ಎಂದು ಈಗ ಕರೆಯಲ್ಪಡುವ ಪದ್ಧತಿಯಾಯಿತು. ಇದರ ಮೂಲವನ್ನು ಬ್ರೆಜಿಲಿನ ಕುರಿಟಿಬಾ ನಗರದಲ್ಲಿ, 1974ರಲ್ಲಿ, ಗುರುತಿಸುವುದು ವಾಡಿಕೆ. ಕೊಲಂಬಿಯದ ಬೊಗೊಟಾ 2000ದ ಕೊನೆಯಲ್ಲಿ ಅದನ್ನು ಮೆಟ್ರೊ ರೈಲಿಗೆ ಸರಿಗಟ್ಟುವ ಪ್ರಮಾಣಕ್ಕೆ ಏರಿಸಿತು. ಆದರೆ ಇವೆರಡೂ ವಿಶಾಲವಾದ ರಾಜಬೀದಿಗಳಿದ್ದ ನಗರಗಳು. ಮೋಟಾರಿನವರ ಪಾಲಿನಿಂದ ನೆಲವನ್ನು ಬಸ್ಸಿಗೆ ಕೊಡಿಸುವ ರಾಜಕೀಯ ಧೈರ್ಯವಿದ್ದ ನಗರಗಳು. ಆ ಧೈರ್ಯವಾಗಲಿ ಆ ಅಗಲವಾಗಲಿ ಇಲ್ಲದ ಕಡೆ ರೈಲ್ವೆಯ ಹಳೆಯ ಪಟ್ಟಿ ಒದಗಿಬಂದಿತು. ಅಮೆರಿಕದ ಮಿಯಾಮಿಯ ದಕ್ಷಿಣದಲ್ಲಿ 1997ರಲ್ಲಿ, ಫ್ಲಾರಿಡಾ ಈಸ್ಟ್ ಕೋಸ್ಟ್ ರೈಲ್ವೆ ಬಿಟ್ಟುಹೋದ ಮಾರ್ಗದ ಮೇಲೆ, ಬಸ್ಸುಗಳು ಓಡಲಾರಂಭಿಸಿದವು. ಲಾಸ್ ಏಂಜಲಿಸಿನ ಕಥೆ ಇನ್ನೂ ಸ್ವಾರಸ್ಯವಾದುದು. ಅಲ್ಲಿಯ ಸಾರಿಗೆ ಪ್ರಾಧಿಕಾರ 1991ರಲ್ಲಿ ಸದರ್ನ್ ಪೆಸಿಫಿಕ್ ಕಂಪನಿಯ ಶಾಖಾಮಾರ್ಗವನ್ನು ಕೊಂಡದ್ದು ರೈಲನ್ನೇ ಓಡಿಸುವ ಉದ್ದೇಶದಿಂದ; ಆದರೆ ಪಕ್ಕದ ಬಡಾವಣೆಗಳವರ ವಿರೋಧದ ಫಲವಾಗಿ ನೆಲದ ಮೇಲೆ ರೈಲನ್ನು ಓಡಿಸಕೂಡದೆಂದು ಶಾಸನವೇ ಹುಟ್ಟಿತು. ರೈಲಿಗೆ ನಿಷಿದ್ಧವಾದ ನೆಲದಲ್ಲಿ 2005ರ ಅಕ್ಟೋಬರಿನಲ್ಲಿ ಬಸ್ಸು ಓಡಿತು. ಶಾಸನ 2014ರಲ್ಲಿ ರದ್ದಾದ ಮೇಲೆ, ಅದೇ ಪಟ್ಟಿಯನ್ನು ಮುಂದೆ ರೈಲಿಗೆ ಪರಿವರ್ತಿಸುವ ಮಾತು ಮತ್ತೆ ತಲೆಯೆತ್ತಿತು. ವಾಹನ ಬದಲಾದರೂ ನೆಲ ಅಖಂಡವಾಗಿ ಉಳಿದದ್ದರಿಂದಲೇ ಈ ಎರಡೂ ತಿರುವುಗಳು ಸಾಧ್ಯವಾದವೆಂಬುದನ್ನು ನಾವು ವಿಶೇಷವಾಗಿ ಮನಗಾಣಬೇಕು.

ಈ ಶಾಖೆಯ ಅತ್ಯಂತ ಪ್ರೌಢ ನಿದರ್ಶನವೆಂದು ನಾನು ಎಣಿಸುವುದು ಇಂಗ್ಲೆಂಡಿನ ಕೇಂಬ್ರಿಜಿನದು. ಕೇಂಬ್ರಿಜಿನಿಂದ ಸೇಂಟ್ ಐವ್ಸ್ ಎಂಬ ಸಣ್ಣ ಊರಿಗೆ ಹೋಗುತ್ತಿದ್ದ ಪ್ರಯಾಣಿಕರ ರೈಲು 1970ರಲ್ಲಿ ನಿಂತುಹೋಯಿತು. ನಾಲ್ಕು ದಶಕಗಳ ತರುವಾಯ, 2011ರ ಆಗಸ್ಟಿನಲ್ಲಿ, ಆ ಮಾರ್ಗದ ಮೇಲೆ ಕಾಂಕ್ರೀಟಿನ ತೊಲೆಗಳನ್ನು ಹಾಸಿ, ಇಕ್ಕೆಲದ ಅಂಚುಗಲ್ಲುಗಳಿಗೆ ಒರಗಿ ಉರುಳುವ ಪುಟ್ಟ ಗಾಲಿಗಳನ್ನು ಬಸ್ಸಿಗೆ ಜೋಡಿಸಿ, ಚಾಲಕನು ಚುಕ್ಕಾಣಿಯನ್ನು ತಿರುಗಿಸುವ ಅಗತ್ಯವೇ ಇಲ್ಲದಂಥ ಪಥವನ್ನು ತೆರೆದರು. ಊರು ಹತ್ತಿರವಾದೊಡನೆ ಅದೇ ಬಸ್ಸು ಆ ಪಥವನ್ನು ಬಿಟ್ಟು ಸಾಮಾನ್ಯ ಬೀದಿಗೆ ಇಳಿದು ಪೇಟೆಯನ್ನೂ ಆಸ್ಪತ್ರೆಯನ್ನೂ ಮುಟ್ಟುತ್ತದೆ. ಇದು ರೈಲಿಗೆ ಅಸಾಧ್ಯವಾದ ಸೌಲಭ್ಯ. ಪಥದ ಪಕ್ಕದಲ್ಲೇ ಉದ್ದಕ್ಕೂ ಹಾಕಿದ ಸೈಕಲ್ ದಾರಿ ಬಸ್ಸಿನಷ್ಟೇ ಜನಪ್ರಿಯವಾಯಿತು. ಕಾಮಗಾರಿ ತಡವಾಗಿ, ವೆಚ್ಚ ಮೇರೆಮೀರಿ, ಜಿಲ್ಲಾಡಳಿತಕ್ಕೂ ಗುತ್ತಿಗೆದಾರರಿಗೂ ವ್ಯಾಜ್ಯ ನಡೆದದ್ದೂ ಉಂಟು. ರೈಲನ್ನೇ ಮರಳಿ ತರಬೇಕಾಗಿತ್ತೆಂದು ವಾದಿಸುವವರು ಅಲ್ಲಿ ಇಂದಿಗೂ ಇದ್ದಾರೆ. ಜಪಾನಿನ ಕೆಸೆನ್ನುಮಾ ಕರಾವಳಿಯಲ್ಲಿ 2011ರ ಸುನಾಮಿ ಕೊಚ್ಚಿಹಾಕಿದ ಮಾರ್ಗದ ಮೇಲೆ ಮರುವರ್ಷವೇ ಬಸ್ಸು ಓಡಿತೆಂಬುದನ್ನೂ ಇಲ್ಲಿ ನೆನೆಯಬಹುದು.

ರೈಲುದಾರಿ ಬಸ್ಸಿಗೆ ಒಗ್ಗುವುದಕ್ಕೆ ಕಾರಣವಿದೆ. ಉಗಿಯಂತ್ರಕ್ಕಾಗಿ ಕಟ್ಟಿದ ದಿಬ್ಬದ ಏರು ಸೌಮ್ಯವಾದುದು, ತಿರುವು ವಿಶಾಲವಾದುದು, ಮೋರಿ ಸೇತುವೆಗಳು ಭಾರವನ್ನು ಹೊರಬಲ್ಲವು. ಎದುರುಬದುರಾಗಿ ಎರಡು ಬಸ್ಸು ಹಾಯುವುದಕ್ಕೆ 7 ಮೀಟರು ಸಾಲುತ್ತದೆ. ಆದರೆ ಇದರ ಮರ್ಮಸ್ಥಾನವಿರುವುದು ರಸ್ತೆಯೂ ಪಥವೂ ಒಂದನ್ನೊಂದು ಕತ್ತರಿಸುವ ಎಡೆಗಳಲ್ಲಿ. ರೈಲು ಬರುವಾಗ ಗೇಟು ಬೀಳುತ್ತದೆ. ಬಸ್ಸಿಗೆ ಸಾಮಾನ್ಯವಾಗಿ ಗೇಟು ಹಾಕುವುದಿಲ್ಲ. ಮಿಯಾಮಿಯಲ್ಲಿಯೂ ಲಾಸ್ ಏಂಜಲಿಸಿನಲ್ಲಿಯೂ ಆರಂಭದ ವರ್ಷಗಳ ಅಪಘಾತಗಳು ಸಂಭವಿಸಿದ್ದು ಈ ಕೂಡುರಸ್ತೆಗಳಲ್ಲಿಯೇ, ಬಸ್ಸಿನ ವೇಗವನ್ನು ತಗ್ಗಿಸಬೇಕಾಗಿ ಬಂದದ್ದೂ ಅಲ್ಲಿಯೇ. ಎರಡನೆಯ ದೋಷ, ಹಳೆಯ ದಾರಿ ಇಂದಿನ ಜನವಸತಿಯ ಅಂಚಿನಲ್ಲಿ ಹಾಯುವುದು. ನಿಲ್ದಾಣದಿಂದ ಕಾರ್ಖಾನೆಯ ಬಾಗಿಲಿಗೆ ನಡೆದುಹೋಗುವ ದಾರಿಯಿಲ್ಲದಿದ್ದರೆ ಪಥವೆಷ್ಟು ನಯವಾಗಿದ್ದರೇನು?

ನಮ್ಮ ದೇಶದಲ್ಲಿ ಈ ಪದ್ಧತಿ ಬೇರೂರಿದ್ದು ರಸ್ತೆಯ ನಡುಭಾಗದಲ್ಲಿ. 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯ ತರುವಾಯ ಅಹಮದಾಬಾದಿನಲ್ಲಿ 2009ರಲ್ಲಿ ಅದು ನೆಲೆಗೊಂಡಿತು. ದೆಹಲಿಯಲ್ಲಿ 2008ರಲ್ಲಿ ಮೊದಲಾದದ್ದು ಮೋಟಾರಿನವರ ಕೋಪಕ್ಕೆ ತುತ್ತಾಗಿ ದಶಕದೊಳಗೆ ಕಿತ್ತುಹೋಯಿತು. ಕನ್ನಡಿಗರಿಗೆ ಸಮೀಪದ ನಿದರ್ಶನ ಹುಬ್ಬಳ್ಳಿ-ಧಾರವಾಡದ್ದು. ಅವಳಿನಗರಗಳ ನಡುವೆ ಸುಮಾರು 22 ಕಿಲೋಮೀಟರು ದೂರ 2018ರಲ್ಲಿ ಪ್ರಾಯೋಗಿಕವಾಗಿ ಓಡಿ 2020ರ ಫೆಬ್ರವರಿಯಲ್ಲಿ ವಿಧ್ಯುಕ್ತವಾಗಿ ಉದ್ಘಾಟನೆಗೊಂಡ ‘ಚಿಗರಿ’ ಬಸ್ಸು ಅನೇಕ ವಿದ್ಯಾರ್ಥಿಗಳಿಗೂ ನೌಕರರಿಗೂ ಸಮಯವನ್ನು ಉಳಿಸಿಕೊಟ್ಟಿತು. ಉಳಿದ ವಾಹನಗಳಿಗೆ ರಸ್ತೆ ಇಕ್ಕಟ್ಟಾಯಿತೆಂಬ ದೂರು ಮಾತ್ರ ನಿಂತಿಲ್ಲ. ಹಂಚಿಕೊಂಡ ನೆಲದ ಮೇಲೆ ಕಟ್ಟಿದ ಪಥಕ್ಕೆ ಈ ಕಾಟ ತಪ್ಪಿದ್ದಲ್ಲ.

ಬೆಂಗಳೂರಿನಲ್ಲಿ ಇದೇ ವಿಚಾರ ಕಾಗದದ ಮೇಲೆ ಬಹುಕಾಲ ಓಡಾಡಿತು. ರೈಟ್ಸ್ ಸಂಸ್ಥೆ 2007ರಲ್ಲಿ ನಡೆಸಿದ ಸಮಗ್ರ ಅಧ್ಯಯನ ಬಿಆರ್‌ಟಿಎಸ್ ಅನ್ನು ಸೂಚಿಸಿತು. ಹೆಬ್ಬಾಳದಿಂದ ಸಿಲ್ಕ್ ಬೋರ್ಡಿನವರೆಗೆ ಹೊರವರ್ತುಲ ರಸ್ತೆಯಲ್ಲಿ ಅದನ್ನು ತರುವ ಆಲೋಚನೆ ನಡೆದು ಕಡತದಲ್ಲೇ ಉಳಿಯಿತು. 2019ರ ಅಕ್ಟೋಬರಿನಲ್ಲಿ ಸಿಲ್ಕ್ ಬೋರ್ಡಿನಿಂದ ಕೆ. ಆರ್. ಪುರದ ಕಡೆಗೆ ಬಿಎಂಟಿಸಿ ಬಸ್ಸುಗಳಿಗೆ ಎಡಗಡೆಯ ಒಂದು ಪಥವನ್ನು ಕಂಬಗಳನ್ನು ನೆಟ್ಟು ಬೇರ್ಪಡಿಸಿದಾಗ, ಐಟಿ ನೌಕರರಿಗೆ ಮೊದಲ ಬಾರಿಗೆ ತಮ್ಮ ಕಾರಿಗಿಂತ ಮುಂದೆ ಓಡುವ ಬಸ್ಸಿನ ದರ್ಶನವಾಯಿತು. ಆದರೆ ಸಾಂಕ್ರಾಮಿಕದ ವರ್ಷವೂ, ಅದೇ ರಸ್ತೆಯ ಮೇಲೆ ಮೆಟ್ರೊ ಕಾಮಗಾರಿಯೂ ಒಂದರ ಹಿಂದೊಂದು ಬಂದು ಆ ಪಥ ಅಳಿಸಿಹೋಯಿತು. ಎರವಲು ನೆಲದ ಗತಿ ಇಷ್ಟೆ. ಪೀಣ್ಯಕ್ಕೆ 2014ರಲ್ಲಿ, ವೈಟ್‌ಫೀಲ್ಡಿಗೆ 2023ರಲ್ಲಿ, ಎಲೆಕ್ಟ್ರಾನಿಕ್ ಸಿಟಿಯನ್ನು ದಾಟಿ ಬೊಮ್ಮಸಂದ್ರಕ್ಕೆ 2025ರ ಆಗಸ್ಟಿನಲ್ಲಿ ಮೆಟ್ರೊ ಬಂದದ್ದು ದೊಡ್ಡ ಸಮಾಧಾನವೇ ಸರಿ; ಆದರೂ ಈ ಮೂರು ಮಾರ್ಗಗಳೂ ನಗರದ ನಡುವಿನಿಂದ ಹೊರಕ್ಕೆ ಚಾಚಿದವು. ಉದ್ಯಮಪ್ರದೇಶದಿಂದ ಉದ್ಯಮಪ್ರದೇಶಕ್ಕೆ ಅಡ್ಡಹಾಯುವವನ ಪಾಡು ಅವುಗಳಿಂದ ತೀರದು.

ರೈಲಿನ ಕಡೆಯಿಂದ ನಡೆದ ಯತ್ನಗಳೂ ನಿಧಾನವಾಗಿಯೇ ಬಂದವು. 1915ರಲ್ಲಿ ಯಶವಂತಪುರದಿಂದ ದೇವನಹಳ್ಳಿಯ ಮೇಲೆ ಚಿಕ್ಕಬಳ್ಳಾಪುರಕ್ಕೆ ಹಾಕಿದ ಕಿರುಗೇಜು ಹಳಿ ಮುಂದೆ ಅಗಲಗೊಂಡರೂ ವಿರಳ ಸಂಚಾರದಲ್ಲಿಯೇ ದಶಕಗಳನ್ನು ಕಳೆಯಿತು. 2008ರಲ್ಲಿ ತೆರೆದ ವಿಮಾನನಿಲ್ದಾಣದ ಮಗ್ಗುಲಲ್ಲೇ ಹಾಯುವ ಆ ಮಾರ್ಗಕ್ಕೆ ಒಂದು ತಂಗುನಿಲ್ದಾಣ ದೊರೆತದ್ದು 2021ರಲ್ಲಿ. 2020ರಲ್ಲಿ ಕೇಂದ್ರದ ಒಪ್ಪಿಗೆ ಪಡೆದ 148 ಕಿಲೋಮೀಟರಿನ ಉಪನಗರ ರೈಲು ಯೋಜನೆ ರೈಲ್ವೆಯ ನೆಲವನ್ನೇ ಬಹುವಾಗಿ ಆಶ್ರಯಿಸಿದ್ದು, ಅದರ ನಾಲ್ಕು ಮಾರ್ಗಗಳಲ್ಲಿ ಚಿಕ್ಕಬಾಣಾವರ, ವೈಟ್‌ಫೀಲ್ಡ್, ಹೀಲಲಿಗೆಗಳು ಮೂರರ ಕೊನೆಗಳು. ಈ ಜೀವಂತ ಹಳಿಗಳನ್ನು ಕಿತ್ತು ಬಸ್ಸಿಗೆ ಕೊಡಿರೆಂದು ಹೇಳುವವನು ವಿವೇಕಿಯಲ್ಲ. ಕೇಳಬೇಕಾದದ್ದು, ಉಪನಗರ ನಿಲ್ದಾಣದಿಂದ ಉದ್ಯಮದ ಬಾಗಿಲಿಗೆ ಬಸ್ಸು ತಡೆಯಿಲ್ಲದೆ ಹೋಗುವ ಪಟ್ಟಿಯನ್ನು. ಪೀಣ್ಯದಲ್ಲಿ 2014ರಲ್ಲಿ ತೆರೆದ ಭವ್ಯವಾದ ಬಸವೇಶ್ವರ ಬಸ್ ನಿಲ್ದಾಣಕ್ಕೆ ದೂರದೂರಿನ ಬಸ್ಸುಗಳನ್ನು ಸ್ಥಳಾಂತರಿಸಿ, ಪ್ರಯಾಣಿಕರು ಒಲ್ಲೆವೆಂದಮೇಲೆ ಅವು ಮೆಜೆಸ್ಟಿಕ್ಕಿಗೇ ಹಿಂದಿರುಗಿದ್ದನ್ನು ಬಲ್ಲವರಿಗೆ, ನಿಲ್ದಾಣದ ಚಂದಕ್ಕಿಂತ ಅದನ್ನು ಮುಟ್ಟುವ ದಾರಿ ಮುಖ್ಯವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಿಜವಾಗಿ ತೊರೆದ ಮಾರ್ಗವೊಂದು ಈ ವಲಯದ ಅಂಚಿನಲ್ಲೇ ಇದ್ದಿತು. ಕನ್ನಡದ ನಂಟು ಬಿಡದ ಹೊಸೂರಿನಿಂದ ಧರ್ಮಪುರಿಯ ಮೇಲೆ ಮೊರಪ್ಪೂರಿಗೆ ಹೋಗುತ್ತಿದ್ದ ಕಿರುಗೇಜು ರೈಲು ಎರಡನೆಯ ಮಹಾಯುದ್ಧದ ಕಾಲದಲ್ಲಿ, 1941ರಲ್ಲಿ, ನಿಂತು, ಅದರ ಹಳಿಗಳೂ ಹೋದವು. ನೆಲವನ್ನು ಯಾರೂ ಅಖಂಡವಾಗಿ ಕಾಯಲಿಲ್ಲ. ಅದರ ಒಂದು ಭಾಗವಾದ ಮೊರಪ್ಪೂರು-ಧರ್ಮಪುರಿ ನಡುವೆ ರೈಲು ಮತ್ತೆ ಬೇಕೆಂದಾಗ ಹೊಸದಾಗಿ ಭೂಸ್ವಾಧೀನಕ್ಕೆ ತೊಡಗಬೇಕಾಯಿತು. ಕೇಂಬ್ರಿಜಿನವರು ಉಳಿಸಿಕೊಂಡದ್ದೂ ನಾವು ಕಳೆದುಕೊಂಡದ್ದೂ ಈ ಒಂದೇ ವಸ್ತು. ಬಳಕೆಯಿಲ್ಲದ ಜಮೀನನ್ನು ವಾಣಿಜ್ಯಕ್ಕೆ ಒದಗಿಸುವುದಕ್ಕೆಂದೇ ರೈಲ್ವೆಯಲ್ಲಿ ಪ್ರತ್ಯೇಕ ಭೂ ಅಭಿವೃದ್ಧಿ ಪ್ರಾಧಿಕಾರವಿರುವ ಈ ಕಾಲದಲ್ಲಿ, 2022ರ ಶಾಸನದಂತೆ ರೂಪುಗೊಂಡ ಬೆಂಗಳೂರು ಮಹಾನಗರ ಭೂಸಾರಿಗೆ ಪ್ರಾಧಿಕಾರ ಮೊದಲು ಮಾಡಬೇಕಾದದ್ದು, ಮೂರು ಉದ್ಯಮಪ್ರದೇಶಗಳ ಸುತ್ತಣ ಸೈಡಿಂಗುಗಳನ್ನೂ ಮಾರ್ಗದ ಬದಿಯ ಖಾಲಿ ಪಟ್ಟಿಗಳನ್ನೂ ಅಳೆದು ನಕ್ಷೆಗೆ ಏರಿಸಿ, ಅವುಗಳ ಮೇಲೆ ಮಳಿಗೆಗೂ ಗೋದಾಮಿಗೂ ಅನುಮತಿ ದೊರೆಯದಂತೆ ಕಾನೂನಿನ ರಕ್ಷಣೆ ಕೊಡಿಸುವುದು. ಓಡುವುದು ಬಸ್ಸೊ ರೈಲೊ ಎಂಬ ಚರ್ಚೆಯನ್ನು ಆಮೇಲೆ ಸಾವಕಾಶವಾಗಿ ನಡೆಸಬಹುದು.