ಚಳಿಜ್ವರ ಒಂದೇ, ತಳಿ ಹಲವು

ಕೊಳಾಲ, ಸಿರಾ, ಪಾವಗಡ ಕಡೆಯ ಹಿರಿಯರನ್ನ ಕೇಳಿ, ಮಲೇರಿಯಾಕ್ಕೆ ಅವರು ಚಳಿಜ್ವರ ಅಂತಾರೆ. ಸಿರಾ ಪಕ್ಕದ ಹಿರಿಯೂರಲ್ಲಿ ಮೈಸೂರು ಸಂಸ್ಥಾನದ ಕಾಲದಲ್ಲೇ ಈ ಜ್ವರದ ಅಧ್ಯಯನ ನಡೆದಿತ್ತು.

1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾಯ್ತು. ಗೋಡೆಗೆ ಡಿಡಿಟಿ, ರೋಗಿಗೆ ಕ್ಲೋರೋಕ್ವಿನ್. 1965ರ ಹೊತ್ತಿಗೆ ಇಡೀ ದೇಶದಲ್ಲಿ ವರ್ಷಕ್ಕೆ ಸುಮಾರು 1 ಲಕ್ಷ ಪ್ರಕರಣ ಅಷ್ಟೆ. ಇನ್ನೇನು ಮುಗೀತು ಅಂದ್ಕೊಂಡ್ರು. 1976ಕ್ಕೆ ಅದು 64 ಲಕ್ಷ ದಾಟಿತ್ತು!

ಕಾರಣ ಹಲವು. ಸೊಳ್ಳೆ ಡಿಡಿಟಿಗೆ ಒಗ್ಗಿಕೊಂಡಿತ್ತು, ಸಿಂಪಡಣೆ ಸಡಿಲವಾಗಿತ್ತು. ಇದರ ನಡುವೆಯೇ, 1973ರಲ್ಲಿ, ಕ್ಲೋರೋಕ್ವಿನ್‌ಗೆ ಜಗ್ಗದ ಫಾಲ್ಸಿಪಾರಂ ರೋಗಾಣು ಅಸ್ಸಾಂನಲ್ಲಿ ಪತ್ತೆಯಾಯ್ತು.

ಇದು ಹೇಗಾಗುತ್ತೆ? ಒಬ್ಬನೇ ರೋಗಿಯ ರಕ್ತದಲ್ಲಿ ಹಲವು ತಳಿಯ ರೋಗಾಣು ಇರಬಹುದು. ಸೊಳ್ಳೆಯ ಹೊಟ್ಟೆಯಲ್ಲಿ ಅವು ಕೂಡಿ ಹೊಸ ತಳಿ ಹುಟ್ಟುತ್ತೆ. ಔಷಧ ಬಿದ್ದಾಗ ತಡೆದುಕೊಳ್ಳಲಾಗದ ತಳಿ ಸಾಯುತ್ತೆ, ತಡೆದುಕೊಂಡದ್ದು ಉಳಿದು ಹರಡುತ್ತೆ. ಕೃಷಿಕರಿಗೆ ಇದು ಹೊಸದಲ್ಲ, ಒಂದೇ ಔಷಧಿ ಹೊಡೀತಾ ಹೋದ್ರೆ ಹುಳ ಸಾಯೋದು ನಿಲ್ಲುತ್ತಲ್ಲ, ಹಾಗೇ.

ಅದಕ್ಕೇ ಈಗ ರೋಗಾಣುವಿನ ಜೀನ್ ಓದುತ್ತಾರೆ. ಫಾಲ್ಸಿಪಾರಂಗೆ ಆರ್ಟಿಸುನೇಟ್ ಜೊತೆ ಕೊಡ್ತಿದ್ದ ಸಲ್ಫಾಡಾಕ್ಸಿನ್-ಪೈರಿಮೆಥಮಿನ್ ಈಶಾನ್ಯ ರಾಜ್ಯಗಳಲ್ಲಿ ಸೋಲ್ತಾ ಬಂತು. ಅದನ್ನ ತಾಳಿಕೊಳ್ಳೋ ಜೀನ್ ಬದಲಾವಣೆ ಅಲ್ಲಿನ ರೋಗಾಣುವಿನಲ್ಲಿ ಹೆಚ್ಚಿತ್ತು. 2013ರಲ್ಲಿ ಅಲ್ಲಿಗೆ ಬೇರೆ ಜೋಡಿ ಔಷಧ ತಂದರು. ದೇಶ ಒಂದೇ, ಜ್ವರ ಒಂದೇ, ಮಾತ್ರೆ ಬೇರೆ.

ನಮ್ಮ ಪಾಲಿನ ಕೆಲಸ ಸಣ್ಣದು. ಚಳಿ ಬಂದ್ರೆ ರಕ್ತ ಪರೀಕ್ಷೆ ಮಾಡಿಸಿ. ಜ್ವರ ಬಿಡ್ತು ಅಂತ ಮಾತ್ರೆ ಅರ್ಧಕ್ಕೆ ಬಿಡಬೇಡಿ. ಅರ್ಧಕ್ಕೆ ಬಿಟ್ಟಾಗ ಉಳಿಯೋದು ಗಟ್ಟಿ ತಳಿಯೇ.